ದನಗಾಹಿ ಬೆಟ್ಟದ ನೆರಳಿನಲ್ಲಿ

"ತಾತಾ, ಆ ಬೆಟ್ಟದ ಹೆಸರೇನು?"

ಕಾರಿನ ಹಿಂದಿನ ಆಸನದಿಂದ ನನ್ನ ಮೊಮ್ಮಗ ಕೇಳಿದನು. ಒಂಬತ್ತು ವರ್ಷದ ಹುಡುಗ; ಹುಟ್ಟಿ ಬೆಳೆದುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಅವನ ಮಾತಿನಲ್ಲಿ ಕನ್ನಡವೆಂದರೆ ‘ತಾತಾ’ ಎಂಬ ಸಂಬೋಧನೆಯೊಂದೇ, ಉಳಿದುದೆಲ್ಲ ಇಂಗ್ಲಿಷ್.

ಬೆಳಗ್ಗೆ ಗ್ಲಾಸ್ಗೋ ಬಿಟ್ಟು, ಲೋಮಂಡ್ ಸರೋವರದ ದಡವನ್ನು ಹಿಡಿದು ಉತ್ತರಕ್ಕೆ ಬಂದಿದ್ದ ನಾವು ಮಧ್ಯಾಹ್ನದ ಹೊತ್ತಿಗೆ ರಾನ್ನಕ್ ಎಂಬ ವಿಸ್ತಾರವಾದ ಜೌಗುನೆಲವನ್ನು ದಾಟುತ್ತಿದ್ದೆವು. ಮರವಿಲ್ಲ, ಮನೆಯಿಲ್ಲ, ಕಣ್ಣು ಹಾಯುವಷ್ಟು ದೂರವೂ ಕಂದುಬಣ್ಣದ ಹುಲ್ಲು, ನಡುನಡುವೆ ಕಪ್ಪು ನೀರಿನ ಹೊಂಡಗಳು. ಆ ಬಯಲಿನ ಅಂಚಿನಲ್ಲಿ, ಯಾರೋ ತಂದು ನಿಲ್ಲಿಸಿದಂತೆ, 1,021 ಮೀಟರ್ ಎತ್ತರದ ಒಂದು ಬೆಟ್ಟ ಥಟ್ಟನೆ ಮೇಲೆದ್ದು ನಿಂತಿದೆ. ಅದನ್ನು ನೋಡಿ ಹೆಸರು ಕೇಳದವರು ಯಾರು?

ನಾನು ನಕಾಶೆಯನ್ನು ಬಿಡಿಸಿ ನೋಡಿದೆನು. ಹೆಸರೇನೋ ಇತ್ತು, ಓದಲು ನಾಲಗೆ ಹೊರಳಲಿಲ್ಲ. ಅಳಿಯಂದಿರನ್ನು ಕೇಳಿದರೆ, "ಹದಿನೈದು ವರ್ಷದಿಂದ ಈ ದೇಶದಲ್ಲಿದ್ದೇನೆ ಮಾವ, ನನಗೂ ಬಾರದು" ಎಂದು ನಕ್ಕುಬಿಟ್ಟರು. ಮೂವತ್ತು ವರ್ಷ ಜಮೀನು ಅಳೆಯುವ ಕೆಲಸ ಮಾಡಿ ನಕಾಶೆಯಿಂದಲೇ ಅನ್ನ ಸಂಪಾದಿಸಿದ ನನಗೆ ನಕಾಶೆಯ ಮುಂದೆ ಬಾಯಿ ಕಟ್ಟಿದುದು ಅದೇ ಮೊದಲು.

ಉತ್ತರ ದೊರೆತುದು ಸಾಯಂಕಾಲ. ಸಮುದ್ರದ ಕವಲೊಂದರ ದಡದಲ್ಲಿರುವ ಬ್ಯಾಲಹೂಲಿಶ್ ಎಂಬ ಊರಿನಲ್ಲಿ ನಾವು ಇಳಿದುಕೊಂಡಿದ್ದೆವು. ಪ್ರವಾಸಿಗಳಿಗೆ ಕೊಠಡಿ ಕೊಟ್ಟು ಬೆಳಗಿನ ಉಪಾಹಾರ ಬಡಿಸುವ ಸಾಧಾರಣ ಮನೆ. ಮನೆಯೊಡತಿ ಅರುವತ್ತೈದು ದಾಟಿದ ವಿಧವೆ. ನಾನು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಲು ಆಕೆ ಕನ್ನಡಕವನ್ನು ಏರಿಸಿ, ತಡೆಯಿಲ್ಲದೆ, "ಬುವಖಲ್ ಎಟಿವ್ ಮೋರ್" ಎಂದರು. ಅನಂತರ ಮೊಮ್ಮಗನ ಕಡೆ ತಿರುಗಿ ಹೇಳಿದರು: "ಎಟಿವ್ ಕಣಿವೆಯ ದೊಡ್ಡ ದನಗಾಹಿ. ಅವನ ಪಕ್ಕದಲ್ಲೇ ಇನ್ನೊಂದು ಬೆಟ್ಟವಿದೆಯಲ್ಲ, ಅವನು ಚಿಕ್ಕ ದನಗಾಹಿ. ಇಬ್ಬರೂ ಕಣಿವೆಯ ತಲೆಬಾಗಿಲಲ್ಲಿ ನಿಂತು ಕಾಯುತ್ತಿದ್ದಾರೆ, ಕಂಡಿರೇನು?"

ಕಂಡಿದ್ದೆವು, ಆದರೆ ಕಲ್ಲನ್ನು ಕಂಡಿದ್ದೆವು, ದನಗಾಹಿಯನ್ನು ಕಂಡಿರಲಿಲ್ಲ.

ಒಂದು ಭಾಷೆಯ ಕೀಲಿಕೈ

ಸ್ಕಾಟ್ಲೆಂಡಿನ ಉತ್ತರ ಮತ್ತು ಪಶ್ಚಿಮ ಭಾಗದ ಪರ್ವತಸೀಮೆಗೆ ಹೈಲ್ಯಾಂಡ್ಸ್ ಎಂದು ಹೆಸರು. ಅಲ್ಲಿಯ ಬೆಟ್ಟ, ಕಣಿವೆ, ಹಳ್ಳ, ಸರೋವರಗಳ ಹೆಸರುಗಳು ಬಹುಮಟ್ಟಿಗೆ ಗೇಲಿಕ್ ಭಾಷೆಯವು. ಗೇಲಿಕ್ ಇಂಗ್ಲಿಷಿನ ಉಪಭಾಷೆಯಲ್ಲ. ಐರ್ಲೆಂಡಿನ ಭಾಷೆಯ ಒಡಹುಟ್ಟು. ಆದರೆ ನಮ್ಮ ಕಿವಿಗೆ ಅದು ತೀರ ಹೊರಗಿನದೂ ಅಲ್ಲ. ಸಂಸ್ಕೃತಕ್ಕೂ ಅದಕ್ಕೂ ಮೂಲದಲ್ಲಿ ನಂಟುಂಟು. ಆ ಭಾಷೆಯಲ್ಲಿ ಹಸುವಿಗೆ ‘ಬೋ’ ಎನ್ನುತ್ತಾರೆ. ಸಂಸ್ಕೃತದ ‘ಗೋ’ ಶಬ್ದದ ದೂರದ ದಾಯಾದಿ. ಮೂರಕ್ಕೆ ‘ತ್ರೀ’ ಎನ್ನುತ್ತಾರೆ. ನಮ್ಮ ‘ತ್ರಿ’ ಅದೇ. ದನಗಾಹಿಯ ‘ಬುವಖಲ್’ ಎಂಬ ಹೆಸರಿನ ಒಳಗೂ ಆ ‘ಬೋ’ ಮಲಗಿದೆ.

ಹತ್ತಾರು ಶಬ್ದಗಳನ್ನು ಕಲಿತರೆ ನಕಾಶೆಯ ಅರ್ಧ ತಾನಾಗಿ ತೆರೆದುಕೊಳ್ಳುತ್ತದೆಂದು ಮನೆಯೊಡತಿ ಹೇಳಿದರು. ಮೊಮ್ಮಗ ಕೂಡಲೆ ತನ್ನ ಪುಟ್ಟ ಪುಸ್ತಕವನ್ನು ತಂದು ಪಟ್ಟಿ ಮಾಡತೊಡಗಿದನು. ‘ಬೆನ್’ ಎಂದರೆ ಬೆಟ್ಟ, ‘ಗ್ಲೆನ್’ ಎಂದರೆ ಕಣಿವೆ, ‘ಲಾಖ್’ ಎಂದರೆ ಸರೋವರ, ‘ಇನ್ವರ್’ ಎಂದರೆ ನದಿಯ ಮುಖ. ನೆಸ್ ನದಿ ಸಮುದ್ರವನ್ನು ಸೇರುವಲ್ಲಿರುವ ಊರು ಇನ್ವರ್ನೆಸ್. ‘ಮೋರ್’ ದೊಡ್ಡದು, ‘ಬೆಗ್’ ಚಿಕ್ಕದು. ನಮ್ಮಂತೆ ‘ದೊಡ್ಡ ಬೆಟ್ಟ’ ಎನ್ನದೆ ಅವರು ‘ಬೆಟ್ಟ ದೊಡ್ಡ’ ಎನ್ನುತ್ತಾರೆ. ಮೊದಲು ವಸ್ತು, ಅನಂತರ ಅದರ ಗುಣ. ‘ಬಲ್’ ಅಥವಾ ‘ಬ್ಯಾಲ’ ಎಂದರೆ ಊರು. ನಾವು ಕುಳಿತಿದ್ದ ಬ್ಯಾಲಹೂಲಿಶ್ ಎಂದರೆ ಜಲಸಂಧಿಯ ಊರು. 1975ರಲ್ಲಿ ಸೇತುವೆಯಾಗುವ ತನಕ ಆ ಕಿರಿದಾದ ನೀರನ್ನು ಜನರು ದೋಣಿಯಲ್ಲಿ ದಾಟಬೇಕಾಗಿತ್ತು.

ಬೆಳಗ್ಗೆ ನಾವು ಚಹಾ ಕುಡಿದ ಊರಿನ ಹೆಸರು ಟಾರ್ಬೆಟ್. ಅದರ ಅರ್ಥ ‘ಹೊತ್ತು ದಾಟಿಸುವ ನೆಲ’. ಒಂದು ಕಡೆ ಸಮುದ್ರದ ಕವಲು, ಇನ್ನೊಂದು ಕಡೆ ಲೋಮಂಡ್ ಸರೋವರ; ನಡುವೆ ಸುಮಾರು ಎರಡು ಮೈಲಿಯ ನೆಲ. 1263ರಲ್ಲಿ ನಾರ್ವೆಯ ದೊರೆ ಹಾಕನನ ಕಡೆಯವರು ತಮ್ಮ ದೋಣಿಗಳನ್ನು ಅಲ್ಲಿ ನೆಲದ ಮೇಲೆಯೇ ಎಳೆದು ತಂದು, ಸರೋವರಕ್ಕಿಳಿಸಿ, ಸುತ್ತಣ ಊರುಗಳನ್ನು ಸೂರೆಮಾಡಿದರಂತೆ. ಚಹಾ ಕುಡಿಯುವಾಗ ಈ ಸಂಗತಿ ನಮಗೆ ತಿಳಿದಿರಲಿಲ್ಲ. ಹೆಸರು ಮಾತ್ರ ಫಲಕದ ಮೇಲೆ ನಿಂತು ಹೇಳುತ್ತಲೇ ಇತ್ತು.

ಮೈಯುಳ್ಳ ನಾಡು

ಗೇಲಿಕ್ ಜನರು ಭೂಮಿಯನ್ನು ಒಂದು ಜೀವಂತ ಶರೀರವಾಗಿ ಕಂಡವರು. ‘ದ್ರುಮ್’ ಎಂದರೆ ಬೆನ್ನು, ಅದೇ ಬೆಟ್ಟದ ಏಣು. ನಾವು ಹಾದುಬಂದ ಟೈಂಡ್ರಮ್ ಎಂಬ ಊರು ‘ಬೆನ್ನಿನ ಮೇಲಿನ ಮನೆ’. ‘ಕಿನ್’ ಎಂದರೆ ತಲೆ. ಕಿಂಗ್ಯೂಸಿ ಎಂಬ ಊರು ‘ಪೈನ್ ಕಾಡಿನ ತಲೆ’. ಏವಿಮೋರ್ ‘ದೊಡ್ಡ ಮುಖ’. ‘ಸ್ಟ್ರೋನ್’ ಎಂದರೆ ಮೂಗು, ಬೆಟ್ಟದಿಂದ ಮುಂಚಾಚಿದ ಕೋಡು. ಇನ್ನು ಕೆಲವು ಅವಯವಗಳ ಹೆಸರುಗಳೂ ಅಲ್ಲಿಯ ಶಿಖರಗಳಿಗುಂಟು. ಅವನ್ನು ಇಂಗ್ಲಿಷಿಗೆ ತರುವಾಗ ಹಿಂದಿನವರು ನಾಚಿ ಬೇರೆ ಮಾತು ಹಾಕಿದರಂತೆ. ಮನೆಯೊಡತಿ ಮೊಮ್ಮಗನ ಕಡೆ ನೋಡಿ ಆ ಪ್ರಕರಣವನ್ನು ಅಷ್ಟಕ್ಕೇ ಮುಗಿಸಿದರು. ನಾನೂ ಮುಗಿಸುತ್ತೇನೆ.

ಮೂಗಿನ ಮಾತು ಬಂದುದರಿಂದ ಒಂದು ವಿಶೇಷವನ್ನು ಹೇಳಲೇಬೇಕು. ಬ್ಯಾಲಹೂಲಿಶ್‌ನಿಂದ ಪಶ್ಚಿಮಕ್ಕೆ ಸಮುದ್ರದ ಕವಲನ್ನು ದಾಟಿ ಹೋದರೆ ಸ್ಟ್ರಾಂಶಿಯನ್ ಎಂಬ ಸಣ್ಣ ಊರಿದೆ. ‘ಯಕ್ಷರ ಗುಡ್ಡದ ಮೂಗು’ ಎಂದು ಅದರ ಅರ್ಥ. ಅಲ್ಲಿಯ ಸೀಸದ ಗಣಿಯಲ್ಲಿ ದೊರೆತ ಅದಿರಿನಲ್ಲಿ ಹೊಸದೊಂದು ಪದಾರ್ಥವಿದೆಯೆಂದು 1790ರಲ್ಲಿ ಗೊತ್ತಾಯಿತು. 1808ರಲ್ಲಿ ಹಂಫ್ರಿ ಡೇವಿ ಅದರಿಂದ ಒಂದು ಮೂಲಧಾತುವನ್ನು ಬೇರ್ಪಡಿಸಿದನು. ಊರಿನ ಹೆಸರಿನಿಂದಲೇ ಅದು ಸ್ಟ್ರಾಂಶಿಯಮ್ ಆಯಿತು. ದೀಪಾವಳಿಯಲ್ಲಿ ಮಕ್ಕಳು ಹಚ್ಚುವ ಬಾಣಬಿರುಸುಗಳ ಕಡುಗೆಂಪು ಬೆಳಕು ಬರುವುದು ಇದರ ಲವಣಗಳಿಂದ. ಯಕ್ಷರ ಗುಡ್ಡದ ಮೂಗು ಹೀಗೆ ನಮ್ಮ ಬೀದಿಯ ತನಕ ಬಂದಿದೆ!

ಅಡುಗೆಮನೆಯ ಪಾತ್ರೆಯೂ ಬೆಟ್ಟವನ್ನೇರಿದೆ. ‘ಕೋರ್ಯ’ ಎಂದರೆ ಕೊಪ್ಪರಿಗೆ. ಹಿಮನದಿಗಳು ಬೆಟ್ಟದ ಪಕ್ಕೆಯನ್ನು ಕೊರೆದು ಮಾಡಿದ ದುಂಡನೆಯ ಬೋಗುಣಿಗೆ ಗೇಲಿಕ್ ಜನರು ಇಟ್ಟ ಹೆಸರು ಅದು. ಇಂದು ಭೂಗೋಳದ ಇಂಗ್ಲಿಷ್ ಪುಸ್ತಕಗಳಲ್ಲಿ ವಿದ್ಯಾರ್ಥಿಗಳು ‘ಕೋರಿ’ ಎಂದು ಓದುವುದು ಅದನ್ನೇ.

ಬಣ್ಣಗಳ ವಿಷಯವಂತೂ ಇನ್ನೂ ಸ್ವಾರಸ್ಯವಾದುದು. ‘ಗೋರಮ್’ ಎಂದರೆ ನೀಲಿ. ಆದರೆ ಎಳೆಯ ಹುಲ್ಲಿನ ಹಸುರೂ ‘ಗೋರಮ್’ ಆಗಬಹುದು. ‘ಗ್ಲಾಸ್’ ಎಂಬ ಶಬ್ದ ಬೂದುಬಣ್ಣವನ್ನೂ ಹೇಳುತ್ತದೆ, ಹಸುರನ್ನೂ ಹೇಳುತ್ತದೆ. ಮಳೆ, ಮಂಜು, ಕಲ್ಲು, ಪಾಚಿ ಒಂದರೊಳಗೊಂದು ಕರಗುವ ಆ ನಾಡನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಪೂರ್ವದಲ್ಲಿ ಕೇರ್ನ್‌ಗಾರ್ಮ್ ಎಂಬ ದೊಡ್ಡ ಪರ್ವತಶ್ರೇಣಿಯಿದೆ. ಹೆಸರಿನ ಅರ್ಥ ‘ನೀಲಿ ಕಲ್ಗುಡ್ಡ’. ಆದರೆ ಆ ನಾಡಿನವರು ಅದನ್ನು ಕರೆಯುತ್ತಿದ್ದುದು ‘ಕೆಂಪು ಬೆಟ್ಟಗಳು’ ಎಂದು; ಏಕೆಂದರೆ ಅಲ್ಲಿಯ ಕಲ್ಲು ಕೆಂಪು ಛಾಯೆಯ ಗ್ರಾನೈಟ್. ಸ್ಪೇ ನದಿಯ ಈಚೆ ದಡದ ಬೆಟ್ಟಗಳು ‘ಬೂದು ಬೆಟ್ಟಗಳು’. ಹೊರಗಿನವರು ಸಾಲಿನ ಒಂದೇ ಶಿಖರದ ಹೆಸರನ್ನು ಸಾಲಿಗೆಲ್ಲ ಹೊದಿಸಿದರು. ದೂರದಿಂದ ನೋಡಿದವರಿಗೆ ಅದು ನೀಲಿ, ಅದರ ಮೇಲೆ ಬಾಳಿದವರಿಗೆ ಕೆಂಪು.

ಗ್ಲೆನ್‌ಕೋ

ಮರುದಿನ ಬೆಳಗ್ಗೆ ಹಿಂದಕ್ಕೆ ಗ್ಲೆನ್‌ಕೋ ಕಣಿವೆಗೆ ಹೋದೆವು. ಹಿಂದಿನ ದಿನ ಮಂಜು ಮುಚ್ಚಿದ್ದುದರಿಂದ ಅದನ್ನು ಸರಿಯಾಗಿ ನೋಡಿರಲಿಲ್ಲ. ಮನೆಯೊಡತಿಯೂ ನಮ್ಮೊಡನೆ ಬಂದರು.

ಈ ಕಣಿವೆಯ ಕಥೆಯನ್ನು ಅನೇಕರು ಕೇಳಿರಬಹುದು. 1692ರ ಫೆಬ್ರವರಿ 13ರ ಮುಂಜಾವದಲ್ಲಿ, ಹತ್ತು ಹನ್ನೆರಡು ದಿನಗಳಿಂದ ಮ್ಯಾಕ್‌ಡೊನಾಲ್ಡ್ ಕುಲದವರ ಮನೆಗಳಲ್ಲಿ ಉಂಡು ಮಲಗಿದ್ದ ಸರ್ಕಾರಿ ಸೈನಿಕರು, ತಮಗೆ ಅನ್ನವಿಟ್ಟವರನ್ನೇ ಕೊಂದರು. ಹತರಾದವರು ಸುಮಾರು 38 ಮಂದಿ. ಹಿಮದಲ್ಲಿ ಓಡಿಹೋಗಿ ಚಳಿಯಿಂದ ಸತ್ತವರು ಬೇರೆ. ‘ಗ್ಲೆನ್‌ಕೋ ಎಂದರೆ ಕಣ್ಣೀರಿನ ಕಣಿವೆ’ ಎಂಬ ಮಾತನ್ನು ಪ್ರವಾಸಿಗಳಿಗೆ ಹೇಳುವುದುಂಟು. ನಾನೂ ಅದನ್ನು ನಂಬಿ, ಮನೆಯೊಡತಿಯ ಮುಂದೆ ಗಂಭೀರವಾಗಿ ಆಡಿದೆನು.

ಆಕೆ ತಲೆಯಲ್ಲಾಡಿಸಿದರು. "ಅದು ಆಮೇಲೆ ಕಟ್ಟಿದ ಅರ್ಥ. ಇಲ್ಲಿ ಹರಿಯುವ ನದಿಯ ಹೆಸರು ಕೋ. ಅದರ ಕಣಿವೆ ಗ್ಲೆನ್‌ಕೋ. ಕೊಲೆಯಾಗುವುದಕ್ಕೆ ಎಷ್ಟೋ ಮೊದಲಿನಿಂದ ಈ ಹೆಸರಿದೆ. ಅಳುವಿನ ಅರ್ಥ ಕೊಟ್ಟರೆ ಇಲ್ಲಿ ನಗುತ್ತ ಬಾಳಿದವರನ್ನು ಮರೆತಂತಾಗುವುದಿಲ್ಲವೆ?"

ಕಣಿವೆಯ ದಕ್ಷಿಣಕ್ಕೆ ಮೂರು ಕಡಿದಾದ ಬೆಟ್ಟಗಳು ಸಾಲಾಗಿ ನಿಂತಿವೆ. ಇಂಗ್ಲಿಷಿನಲ್ಲಿ ಅವಕ್ಕೆ ‘ಮೂವರು ಸೋದರಿಯರು’ ಎಂಬ ಕಾವ್ಯಮಯವಾದ ಹೆಸರು. ಗೇಲಿಕ್ ಹೆಸರುಗಳು ಸರಳವಾದವು: ಉದ್ದ ಬೆಟ್ಟ, ಗಿಡ್ಡ ಏಣು, ಕಪ್ಪು ಏಣು. ಎದುರಿನ ಹಲ್ಲುಹಲ್ಲಾದ ಸಾಲು ‘ಕಚ್ಚುಬಿದ್ದ ಏಣು’. ಮಂಜಿನಲ್ಲಿ ದಾರಿ ತಪ್ಪಿದ ದನಗಾಹಿಗೆ ಯಾವ ಹೆಸರು ಉಪಯೋಗಕ್ಕೆ ಬರುವುದೆಂದು ಬೇರೆ ಹೇಳಬೇಕಾಗಿಲ್ಲ. ಸೋದರಿಯರ ನಡುವೆ ಮೇಲಕ್ಕೆ ಹತ್ತಿದರೆ ಹೊರಗಿನಿಂದ ಕಾಣದ ಒಂದು ಬಟ್ಟಲುಕಣಿವೆ ಸಿಕ್ಕುತ್ತದೆ. ಇಂಗ್ಲಿಷಿನಲ್ಲಿ ‘ಕಳೆದುಹೋದ ಕಣಿವೆ’. ಗೇಲಿಕ್‌ನಲ್ಲಿ ‘ಸೆರೆಹಿಡಿದುದರ ಕೊಪ್ಪರಿಗೆ’. ಕುಲದವರು ಪರರ ದನಗಳನ್ನು ಹೊಡೆದು ತಂದು ಅಡಗಿಸುತ್ತಿದ್ದುದು ಅಲ್ಲಿ. ಅದು ಪ್ರವಾಸಿಗೆ ಕಳೆದುಹೋದುದು, ಮನೆಯವನಿಗೆ ಬಚ್ಚಿಟ್ಟುದು.

ಹೀಗೆಯೇ ಮುಂದಿನ ದೊಡ್ಡ ಊರು ಫೋರ್ಟ್ ವಿಲಿಯಂ. ಗ್ಲೆನ್‌ಕೋ ಕುಲದವರ ವಿರುದ್ಧ ಆಜ್ಞೆಗೆ ರುಜು ಹಾಕಿದ ದೊರೆ ವಿಲಿಯಮ್ಮನ ಹೆಸರೇ ಅದಕ್ಕೆ. ಗೇಲಿಕ್‌ನಲ್ಲಿ ಆ ಊರಿಗೆ ದೊರೆಯ ಹೆಸರಿಲ್ಲ. ‘ದಂಡಿನ ಠಾಣ್ಯ’ ಎಂಬರ್ಥದ ಮಾತು, ಅಷ್ಟೆ.

ಜನರಿಲ್ಲದ ಹೆಸರುಗಳು

ಹಿಂತಿರುಗುವಾಗ ಮನೆಯೊಡತಿ ನಕಾಶೆಯಲ್ಲಿ ‘ಆರಿ’ ಎಂಬ ಶಬ್ದವನ್ನು ಹುಡುಕಿ ಹುಡುಕಿ ತೋರಿಸಿದರು. ಬೇಸಗೆಯಲ್ಲಿ ಹೆಂಗಸರು ಮಕ್ಕಳು ದನಗಳೊಡನೆ ಮೇಲಣ ಹುಲ್ಲುಗಾವಲಿಗೆ ಹೋಗಿ, ಗುಡಿಸಲಲ್ಲಿದ್ದು, ಬೆಣ್ಣೆ ಗಿಣ್ಣು ಮಾಡಿಕೊಂಡು ಬರುತ್ತಿದ್ದರು. ಆ ಗುಡಿಸಲಿಗೂ ಹುಲ್ಲುಗಾವಲಿಗೂ ‘ಆರಿ’ ಎಂದು ಹೆಸರು. ನಕಾಶೆಯಲ್ಲಿ ಆರಿ ಉಂಟು. ನೆಲದ ಮೇಲೆ ಕಲ್ಲಿನ ಗುರುತು ಕೂಡ ಅಪರೂಪ.

ಆ ಜನರು ಎಲ್ಲಿ ಹೋದರು? ಹದಿನೆಂಟನೆಯ ಶತಮಾನದ ಕೊನೆಯಿಂದ ಜಮೀನ್ದಾರರು, ಕುರಿ ಸಾಕಣೆಯಲ್ಲಿ ಲಾಭ ಹೆಚ್ಚೆಂದು, ಕಣಿವೆ ಕಣಿವೆಗಳನ್ನೇ ತೆರವು ಮಾಡಿಸಿದರು. ಉತ್ತರದ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲಿಯೂ 1819ರಲ್ಲಿಯೂ ನೂರಾರು ಸಂಸಾರಗಳನ್ನು ಹೊರಡಿಸಿದರು. ಹಿಂದಕ್ಕೆ ಬಾರದಂತೆ ಮನೆಗಳ ಸೂರಿಗೆ ಬೆಂಕಿಯಿಟ್ಟರು. ಎಷ್ಟೋ ಮಂದಿ ಕಡಲಂಚಿನ ಬಡ ನೆಲಕ್ಕೂ, ಎಷ್ಟೋ ಮಂದಿ ಕೆನಡಾಕ್ಕೂ ಹೋದರು. ರಾಸೆ ದ್ವೀಪದ ಹ್ಯಾಲಿಗ್ ಎಂಬ ಹಳ್ಳಿಯೂ ಹೀಗೆ ಬರಿದಾಯಿತು. ಆ ದ್ವೀಪದಲ್ಲಿಯೇ 1911ರಲ್ಲಿ ಹುಟ್ಟಿದ ಕವಿ ಸಾರ್ಲಿ ಮ್ಯಾಕ್ಲೀನ್, 1954ರಲ್ಲಿ ಆ ಹಾಳುಹಳ್ಳಿಯ ಹೆಸರಿನಲ್ಲೇ ಒಂದು ಗೇಲಿಕ್ ಕವನವನ್ನು ಪ್ರಕಟಿಸಿದನು. ಇಂದು ಜನರು ಆ ಊರನ್ನು ಬಲ್ಲದ್ದು ಆ ಕವನದಿಂದ.

ಜನರು ಹೋದ ಮೇಲೆ ಭಾಷೆಯ ಸರದಿ. 1872ರ ಶಿಕ್ಷಣ ಶಾಸನದಲ್ಲಿ ಗೇಲಿಕ್ ಭಾಷೆಯ ಮಾತೇ ಇರಲಿಲ್ಲ. ಶಾಲೆಯಲ್ಲಿ ಮಾತೃಭಾಷೆಯಾಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. "ನನ್ನ ತಾಯಿ ಆ ಏಟು ತಿಂದವಳು" ಎಂದರು ಮನೆಯೊಡತಿ. "ಆದ್ದರಿಂದ ನನಗೆ ಒಂದು ಶಬ್ದವನ್ನೂ ಕಲಿಸಲಿಲ್ಲ. ತನ್ನ ಅಕ್ಕನೊಡನೆ ಗುಟ್ಟು ಮಾತನಾಡುವಾಗ ಮಾತ್ರ ಆ ಭಾಷೆ ಹೊರಬರುತ್ತಿತ್ತು. ಅವಳು ತೀರಿಕೊಂಡ ಮೇಲೆ, ಐವತ್ತೆರಡನೆಯ ವಯಸ್ಸಿನಲ್ಲಿ, ನಾನು ಸಾಯಂಕಾಲದ ತರಗತಿಗೆ ಸೇರಿದೆ. ಅಡುಗೆಮನೆಯ ಕಿಟಕಿಯಿಂದ ದಿನವೂ ನೋಡುತ್ತಿದ್ದ ಬೆಟ್ಟಕ್ಕೆ ಸಿಡಿಲಿನ ಬೆಟ್ಟವೆಂದು ಅರ್ಥವಿರುವುದು ಆಗ ತಿಳಿಯಿತು. ತಾಯಿಗೆ ಗೊತ್ತಿತ್ತು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ."

ಅವರು ಇದನ್ನು ದುಃಖಿಸಿ ಹೇಳಲಿಲ್ಲ. ಮಳೆ ಬಂತೆಂದು ಹೇಳುವಂತೆ ಹೇಳಿದರು. ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ನನ್ನ ಮಗಳು ಕಿಟಕಿಯಾಚೆ ನೋಡುತ್ತಿದ್ದಳು.

ಬರೆದಿಟ್ಟವರು

ಆದರೂ ಈ ಹೆಸರುಗಳು ಉಳಿದುವಲ್ಲ, ಅದು ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರದ ಆರ್ಡ್ನೆನ್ಸ್ ಸರ್ವೆಯವರು ಹೈಲ್ಯಾಂಡ್ಸ್ ಸೀಮೆಯನ್ನೆಲ್ಲ ಅಳೆದರು. ಅಳೆಯುತ್ತ ಪ್ರತಿಯೊಂದು ಪ್ರದೇಶಕ್ಕೂ ‘ಹೆಸರಿನ ಪುಸ್ತಕ’ ಬರೆದರು. ಹೆಸರು, ಅದರ ಬೇರೆ ಬೇರೆ ಕಾಗುಣಿತ, ಹೇಳಿದವರು ಯಾರು, ಸ್ಥಳದ ವಿವರಣೆ, ಹೀಗೆ ಅಂಕಣಗಳು. ಅಳೆಯುವ ಸಿಪಾಯಿಗಳಿಗೆ ಸಾಮಾನ್ಯವಾಗಿ ಗೇಲಿಕ್ ಬಾರದು. ಕೇಳಿದುದನ್ನು ಇಂಗ್ಲಿಷ್ ಕಿವಿಗೆ ತೋಚಿದಂತೆ ಬರೆದುದೂ ಉಂಟು. ಆದರೂ ಬರೆದರು. ಅನಂತರ ವಿಲಿಯಂ ವಾಟ್ಸನ್ ಎಂಬ ವಿದ್ವಾಂಸರು ಇಂಥ ಹೆಸರುಗಳನ್ನೆಲ್ಲ ಶೋಧಿಸಿ 1926ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದಲ್ಲಿ ಇಂದಿಗೂ ಆಧಾರವಾಗಿದೆ.

ಇಲ್ಲಿ ನಮ್ಮ ನಾಡಿಗೂ ಒಂದು ಋಣವುಂಟು. 1754ರಲ್ಲಿ ಲೂಯಿಸ್ ದ್ವೀಪದ ಸ್ಟಾರ್ನೋವೇ ಎಂಬ ಊರಿನಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿಯೇ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಮೈಸೂರು ಸೀಮೆಯನ್ನು ಅಳೆದವನು. 1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಆದವನು. ಅವನು ನೆಲವನ್ನು ಅಳೆದು ಸುಮ್ಮನಾಗಲಿಲ್ಲ. ಕಾವಲಿ ಸೋದರರಂಥ ನಮ್ಮ ದೇಶದ ಪಂಡಿತರ ನೆರವಿನಿಂದ ಶಾಸನಗಳನ್ನೂ, ಊರೂರಿನ ಕೈಫಿಯತ್ತುಗಳನ್ನೂ ಕೂಡಿಸಿಟ್ಟನು. ಅವನಿಲ್ಲದಿದ್ದರೆ ನಮ್ಮ ಎಷ್ಟೋ ಗ್ರಾಮಗಳ ಕಥೆ ನಮಗೇ ಉಳಿಯುತ್ತಿರಲಿಲ್ಲ.

ಅದೇ ವೃತ್ತಿಯಲ್ಲಿದ್ದ ನಾನು ಮಾಡಿದುದನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ಗುಡ್ಡದ ಬಳಿ ಸರಪಳಿ ಹಿಡಿದು ನಿಂತಿದ್ದೆನು. ಕುರಿ ಕಾಯುತ್ತಿದ್ದ ಮುದುಕನೊಬ್ಬ ಬಂದು, ಗುಡ್ಡದ ಹೆಸರನ್ನೂ, ಆ ಹೆಸರು ಬಂದ ಬಗೆಯನ್ನೂ ಅರ್ಧ ಗಂಟೆ ಹೇಳಿದನು. ನಾನು ತಲೆಯಾಡಿಸಿದೆನು. ಪುಸ್ತಕದಲ್ಲಿ ಬರೆದುದು ಮಾತ್ರ ಒಂದು ನಂಬರು, ಅದರ ಮುಂದೆ ‘ಗುಡ್ಡ, ಸರ್ಕಾರಿ ಖರಾಬು’. ಹೆಸರಿಗೆ ಅಂಕಣವಿರಲಿಲ್ಲ, ಅಂಚಿನಲ್ಲಿ ಜಾಗವಿತ್ತು.

ಎರಡು ಹೆಸರಿನ ಫಲಕ

ಗೇಲಿಕ್ ಜನರಿಗಿಂತ ಮೊದಲು ಆ ನಾಡಿನ ಪೂರ್ವಭಾಗದಲ್ಲಿ ಪಿಕ್ಟ್ ಎಂಬ ಜನಾಂಗವಿತ್ತು. ಸಾವಿರ ವರ್ಷಗಳ ಹಿಂದೆಯೇ ಅವರ ಭಾಷೆ ಅಳಿಯಿತು. ಆದರೆ ‘ಪಿಟ್’ ಎಂದು ಆರಂಭವಾಗುವ ಊರುಗಳು, ಪಿಟ್ಲಾಕ್ರಿಯಂಥವು, ಈಗಲೂ ಇವೆ. ‘ಪಿಟ್’ ಎಂದರೆ ಜಮೀನಿನ ಪಾಲು. ಒಂದು ಜನಾಂಗದ ಮಾತುಕತೆಯೆಲ್ಲ ಹೋಗಿ, ಹೊಲ ಹಂಚಿಕೊಂಡ ಶಬ್ದವೊಂದು ಊರ ಬಾಗಿಲಲ್ಲಿ ನಿಂತಿದೆ. ಗೇಲಿಕ್ ಭಾಷೆಗೂ ಇದೇ ಗತಿಯೆ?

1891ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಆಡುವವರು ಎರಡೂವರೆ ಲಕ್ಷಕ್ಕೂ ಹೆಚ್ಚು. 2022ರಲ್ಲಿ ಸುಮಾರು 70 ಸಾವಿರ. ಅಲ್ಪಸ್ವಲ್ಪ ಬಲ್ಲವರನ್ನೂ ಸೇರಿಸಿದರೆ 1,30,000. ಶಾಲೆಯಲ್ಲಿ ಕಲಿಯುವವರು ಹೆಚ್ಚುತ್ತಿದ್ದಾರೆ. ಆದರೆ ಭಾಷೆಯ ತವರಾದ ಪಶ್ಚಿಮದ ದ್ವೀಪಗಳಲ್ಲಿಯೇ ಆಡುವವರು ಅರ್ಧಕ್ಕಿಂತ ಕಡಮೆಯಾಗಿದ್ದಾರೆ. 2025ರ ಶಾಸನದಿಂದ ಗೇಲಿಕ್‌ಗೆ ಸ್ಕಾಟ್ಲೆಂಡಿನಲ್ಲಿ ಅಧಿಕೃತ ಸ್ಥಾನ ದೊರೆತಿದೆ. ಶಾಸನ ಫಲಕವನ್ನು ನಿಲ್ಲಿಸಬಲ್ಲುದು. ಊಟದ ಮೇಜಿನ ಬಳಿ ಆಡಬೇಕಾದವರು ಮನೆಯವರೇ.

ಮೂರನೆಯ ದಿನ ನಾವು ಪೂರ್ವಕ್ಕೆ ಹೊರಟು ಕಿಂಗ್ಯೂಸಿಯ ರೈಲ್ವೆ ನಿಲ್ದಾಣದ ಮುಂದೆ ಕಾರು ನಿಲ್ಲಿಸಿದೆವು. ಫಲಕದಲ್ಲಿ ಎರಡು ಹೆಸರು. ಮೇಲೆ ಇಂಗ್ಲಿಷಿನದು, ಕೆಳಗೆ ಗೇಲಿಕ್‌ನದು. ಮೊಮ್ಮಗ ತನ್ನ ಪುಸ್ತಕವನ್ನು ತೆರೆದು, ಬೆರಳಿಟ್ಟು, "ಕಿನ್... ತಲೆ! ಕಾಡಿನ ತಲೆ!" ಎಂದು ಕೂಗಿದನು. ‘ತಲೆ’ ಎಂಬುದನ್ನು ಕನ್ನಡದಲ್ಲೇ ಹೇಳಿದನು. ಪುಸ್ತಕವನ್ನು ನೋಡಿದರೆ, ಪ್ರತಿ ಗೇಲಿಕ್ ಶಬ್ದದ ಮುಂದೆ ಅವನ ತಾಯಿ ರಾತ್ರಿ ಕುಳಿತು ಇಂಗ್ಲಿಷಿನ ಜೊತೆಗೆ ಕನ್ನಡವನ್ನೂ ಬರೆಸಿದ್ದಳು: ಬೆಟ್ಟ, ಕಣಿವೆ, ಬೆನ್ನು, ಮೂಗು, ಕೊಪ್ಪರಿಗೆ.

"ತಾತಾ, ನೀವು ಅಳೆದ ಗುಡ್ಡದ ಹೆಸರೇನು?"

ನಾನು ಬಹಳ ಹೊತ್ತು ಯೋಚಿಸಿದೆನು. ಗುಡ್ಡ ಕಣ್ಣ ಮುಂದೆ ಬಂದಿತು. ಮುದುಕನ ಕಂಬಳಿಯೂ ಬಂದಿತು. ಸರ್ವೆ ನಂಬರು ಕೂಡ ನೆನಪಿಗೆ ಬಂದಿತು. ಹೆಸರು ಬರಲಿಲ್ಲ.

"ಊರಿಗೆ ಹೋದ ಮೇಲೆ ಕೇಳಿಕೊಂಡು ಬರುತ್ತೇನೆ ಮಗು" ಎಂದೆನು. ಆ ಮುದುಕ ಈಗ ಇರಲಾರ. ಅವನ ಮಕ್ಕಳು ಮೊಮ್ಮಕ್ಕಳು ಇರಬಹುದು. ಅವರಿಗೆ ಅವನು ಹೇಳಿರಬಹುದು. ಮೊಮ್ಮಗ ತನ್ನ ಪುಸ್ತಕದಲ್ಲಿ ಒಂದು ಗೆರೆಯನ್ನು ಖಾಲಿ ಬಿಟ್ಟು, ಅದರ ಮುಂದೆ ‘ತಾತನ ಗುಡ್ಡ’ ಎಂದು ಬರೆದುಕೊಂಡನು.